ತೋಪಿಗೆ ಬೇಕಿದ್ದ ನೀರು

ಕೋಟೆಯೊಂದರೊಳಗೆ ಒಬ್ಬ ಶ್ರೀಮಂತ ದೇಸಾಯಿ ಇದ್ದ. ಒಳ್ಳೆಯವನೇ, ನೋಡಿ. ಕಂಪನಿ ಸರ್ಕಾರ ಮೊದಲು ಕಂದಾಯ ಏರಿಸಿತು, ಊರು ತಾಳಿಕೊಂಡಿತು. ದೇಸಾಯಿಯ ದತ್ತು ಮಗನಿಗೆ ಹಕ್ಕಿಲ್ಲ, ಅವನ ನಂತರ ಕೋಟೆ ನಮ್ಮದು ಎಂದಿತು. ಊರು ಹಲ್ಲು ಕಚ್ಚಿತು. ಕೊನೆಗೆ ಮನೆಮನೆಯ ಕತ್ತಿ, ಕೊಡಲಿ ತಂದೊಪ್ಪಿಸಿ ಎಂದು ಡಂಗುರ ಹೊಡೆಸಿತು. ಅಂದು ಊರಿಗೆ ಊರೇ ಎದ್ದು ನಿಂತಿತು!

ದೇಸಾಯಿ ತನ್ನ ಕಣಜ ತೆರೆದ, ಕುದುರೆ ಕೊಟ್ಟ. ಬಾಗಿಲ ಮೇಲಿನ ತೋಪು ಹಾರಿಸಲು ಊರಾಚೆಯ ಕೇರಿಯ ದುರುಗಪ್ಪ ನಿಂತ. ಪ್ರತಿ ಗುಂಡಿನ ನಂತರ ತೋಪಿನ ಒಳಗನ್ನು ಕೋಲಿಗೆ ಸುತ್ತಿದ ಒದ್ದೆ ಅರಿವೆಯಿಂದ ತಣಿಸಬೇಕು. ಇಲ್ಲದಿದ್ದರೆ ಮತ್ತೆ ಸುರಿದ ಮದ್ದು ಆ ಬಿಸಿಗೇ ಸಿಡಿದು ಹಾರಿಸುವವನನ್ನೇ ತಿನ್ನುತ್ತದೆ. ದುರುಗಪ್ಪನ ಹೆಂಡತಿ ಹುಲಿಗೆವ್ವ ಹೊರಗಿನ ಹಳ್ಳದಿಂದ ನೀರು ಹೊತ್ತಳು. ಎರಡು ದಿನ ಕಂಪನಿಯ ದಂಡು ಬಾಗಿಲ ಹತ್ತಿರ ಸುಳಿಯಲಿಲ್ಲ.

ಮೂರನೆಯ ದಿನ ಹಳ್ಳ ದಂಡಿನ ವಶವಾಯಿತು. ಉಳಿದದ್ದು ದೇಸಾಯಿಯ ಅಂಗಳದ ಬಾವಿ. ಹುಲಿಗೆವ್ವ ಅಲ್ಲಿಗೆ ಓಡಿದಳು. ಓಡಿ, ನಿಂತಳು. ಕೇರಿಯವರು ಆ ಹಗ್ಗ ಮುಟ್ಟುವಂತಿಲ್ಲ. ಮನೆಯವರೇ ಸೇದಿ ಅವರ ಕೊಡಕ್ಕೆ ಮೇಲಿನಿಂದ ಸುರಿಯಬೇಕು. ಮನೆಯ ಹೆಂಗಸರು ನೆಲಮಾಳಿಗೆಯಲ್ಲಿ, ಗಂಡಸರು ಗೋಡೆಯ ಮೇಲೆ. ಹಗ್ಗ ಒಂದು ಮೊಳ ದೂರದಲ್ಲಿತ್ತು. ಮೇಲೆ ತೋಪು ಸುಮ್ಮನಾಯಿತು. ಗಂಡ ತನ್ನ ದಾರಿ ಕಾಯುತ್ತಿದ್ದಾನೆಂದು ಅವಳಿಗೆ ಗೊತ್ತು.

ದೇಸಾಯಿ ಏದುಸಿರು ಬಿಡುತ್ತ ಬಂದ. "ತೋಪ್ ಯಾಕ ಸುಮ್ಮಗಾತು?"

"ನೀರಿಲ್ರಿ ಧಣ್ಯಾರ. ಸೇದಿ ಹಾಕೋರು ಯಾರೂ ಇಲ್ಲ. ನಾ ಹಗ್ಗ ಮುಟ್ಟಲೇನ್ರಿ?"

ತಾನೇ ಸೇದಬಹುದಿತ್ತಲ್ಲ? ಅದು ಅವನಿಗೆ ಹೊಳೆಯಲೇ ಇಲ್ಲ. ಬಾಗಿಲ ಕಡೆ ನೋಡಿದ, ಕಿಟಕಿಗಳ ಕಡೆ ನೋಡಿದ. ಯಾರಾದರೂ ನೋಡುತ್ತಿದ್ದಾರೆಯೇ? ನಾಲ್ಕು ಉಸಿರಿನಷ್ಟು ಹೊತ್ತು, ಅಷ್ಟೇ.

"ಸೇದವ್ವ," ಎಂದ.

ಅವಳು ಕಣ್ಣು ಮಿಟುಕಿಸುವಷ್ಟರಲ್ಲಿ ಸೇದಿ, ತುಂಬಿದ ಕೊಡ ಹೊತ್ತು ಮೆಟ್ಟಿಲು ಹತ್ತಿದಳು. ಐದನೆಯ ಮೆಟ್ಟಿಲಲ್ಲಿದ್ದಾಗ ಕೋಟೆಯ ಬಾಗಿಲು ಸೀಳಿದ ಸದ್ದು ಕೇಳಿತು. ಮೇಲೆ ದುರುಗಪ್ಪ ಒಣಗಿದ ಅರಿವೆಯ ಕೋಲು ಹಿಡಿದೇ ಗುಂಡಿಗೆ ಎದೆಯೊಡ್ಡಿ ಬಿದ್ದಿದ್ದ.

ಈಗ ಹೇಳಿ, ಆ ಬಾಗಿಲು ಮುರಿದವರು ಯಾರು? ಬರೀ ಕಂಪನಿಯವರೇ?

ಆಮೇಲೆ ನಮಗೆ ಸ್ವಾತಂತ್ರ್ಯ ಬಂತು, ನಿಜ. ಆದರೆ ನಿಮ್ಮ ಹಿತ್ತಲ ಸೂರಿನಡಿ, ಕೆಲಸದವಳಿಗೆಂದು ಬೇರೆ ಇಟ್ಟ ಒಂದು ಲೋಟ ಬೋರಲು ಬಿದ್ದಿದೆಯಲ್ಲ, ಅದಕ್ಕೆ ಬಂತೇ? ತಲೆ ತಗ್ಗಿಸಬೇಡಿ, ನನ್ನ ಕಡೆ ನೋಡಿ. ಇವತ್ತು ಮನೆಗೆ ಹೋದವರೇ ಆ ಲೋಟ ಒಳಗೆ ತನ್ನಿ. ನಿಮ್ಮ ಲೋಟಗಳ ಜೊತೆಗೇ ತೊಳೆಯಿರಿ. ನಾಳೆ ಬೆಳಿಗ್ಗೆ ಅದರಲ್ಲಿ ಮೊದಲು ನೀವು ಚಹಾ ಕುಡಿಯಿರಿ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕಿಟಕಿಯ ಕಡೆ ತಿರುಗಬೇಡಿ. ಅಷ್ಟು ಹೊತ್ತು ನಮಗಿಲ್ಲ.