ಟಿವಿ ಹಾಕಬಾರದ ಮನೆ

ಕಡಬದ ಕಂಪ್ಯೂಟರ್ ಅಂಗಡಿಯಲ್ಲಿ ಪ್ರಿಂಟಿಗೆ ಕಾಯುತ್ತಿದ್ದೆ. ನನ್ನ ಮುಂದಿದ್ದ ಹುಡುಗಿ ಚೀಲದಿಂದ ಲ್ಯಾಪ್‌ಟಾಪನ್ನೂ ಒಂದು ಗೇಮ್ ಕನ್ಸೋಲನ್ನೂ ತೆಗೆದು ಮೇಜಿನ ಮೇಲಿಟ್ಟಳು.

“ಅಣ್ಣ, ವಯರ್ ಹಾಕಿದ್ರೂ ಲ್ಯಾಪ್‌ಟಾಪಲ್ಲಿ ಇದು ಬರುದಿಲ್ಲ.”

“ನೇರ ಬರುದಿಲ್ಲ. ನಡುವೆ ಕ್ಯಾಪ್ಚರ್ ಕಾರ್ಡ್ ಬೇಕು. ಟಿವಿಗೇ ಹಾಕು ಮಾರಾಯ್ತಿ, ಸುಲಭ.”

“ತಮ್ಮ ಹೋದ. ಉತ್ತರಕ್ರಿಯೆ ಆಗುವವರೆಗೆ ಟಿವಿ ಹಾಕ್ಲಿಕ್ಕಿಲ್ಲ ಅಂತ ಅಜ್ಜಿ.”

ಅಂಗಡಿಯವ ಕೈಯಲ್ಲಿದ್ದ ವಯರನ್ನು ಕೆಳಗಿಟ್ಟ.

“ಇದು ಅವನದ್ದಾ?”

“ಹೌದು. ಆಡುವಾಗ ಮಾತಾಡಿದ್ದೆಲ್ಲ ಇದರಲ್ಲಿ ರೆಕಾರ್ಡ್ ಉಂಟು.”

“ಉತ್ತರಕ್ರಿಯೆ ಕಳೀಲಿ ತಂಗಿ. ಈಗಲೇ ಎಂತಕ್ಕೆ?”

“ಅಜ್ಜಿಯೇ ಕಳಿಸಿದ್ದು. ಲ್ಯಾಪ್‌ಟಾಪ್ ಟಿವಿ ಅಲ್ಲ ಅಲ್ವಾ ಅಂತ ಕೇಳ್ತಾರೆ.”

ಅವನು ಒಂದು ಕ್ಯಾಪ್ಚರ್ ಕಾರ್ಡ್ ಹುಡುಕಿಕೊಟ್ಟ.

“ಚಿತ್ರ ಸ್ವಲ್ಪ ತಡೆದು ತಡೆದು ಬರ್ತದೆ.”

ಹೊರಟಿದ್ದವಳು ಮೆಟ್ಟಿಲಲ್ಲಿ ತಿರುಗಿದಳು.

“ಸ್ವರ ಬಂದ್ರೆ ಸಾಕು. ಅಜ್ಜಿಗೆ ಕಣ್ಣು ಕಾಣುದಿಲ್ಲ.”