ಕೂಗದೇ ಬಿಟ್ಟ ಹೆಸರು

ದೀಪ ಸಣ್ಣಗೆ ಮಾಡ್ರಿ, ಹೇಳ್ತೀನಿ. ಕಟ್ಟುಕತೆ ಅಲ್ಲ ಇದು. ಹೊನ್ನಾಳಿಯಲ್ಲಿ ನಮ್ಮ ಪಕ್ಕದ ಮನೆ ಮುರುಗೇಶಪ್ಪನಿಗೆ ಆಗಿದ್ದು. ಯುದ್ಧದ ಕಾಲ. ಸೀಮೆಎಣ್ಣೆ ಸಿಗದೆ ಕೇರಿಯೆಲ್ಲ ಕತ್ತಲು.

ಕಾರ್ತಿಕದ ಅಮಾವಾಸ್ಯೆ. ಸತ್ತವರಿಗೆ ಹೊಳೆಯಲ್ಲಿ ದೀಪ ಬಿಟ್ಟು ಒಬ್ಬನೇ ಮನೆಗೆ ಬರುತ್ತಿದ್ದ. ನಮ್ಮ ಕೇರಿಯವರು ಅಡಿಕೆ ಹಾಳೆಯ ದೊನ್ನೆಯಲ್ಲಿ ದೀಪ ಹಚ್ಚಿ, ಸತ್ತವರ ಹೆಸರು ಗಟ್ಟಿಯಾಗಿ ಕೂಗಿ, ಆಮೇಲೆ ನೀರಿಗೆ ಬಿಡೋದು. ಕೂಗದಿದ್ದರೆ ಅದು ತಮ್ಮದು ಅಂತ ಅವರಿಗೆ ಗೊತ್ತಾಗೋದಿಲ್ಲ. ಅಪ್ಪನ ಹೆಸರು ಕೂಗಿದ, ಅವ್ವನ ಹೆಸರು ಕೂಗಿದ. ತಂಗಿ ಕಸ್ತೂರಿಯ ದೀಪ ಹಿಡಿದಾಗ ಮಾತ್ರ... ತುಟಿ ಅಲ್ಲಾಡಿಸಿದ, ಅಷ್ಟೆ. ಸುತ್ತ ಜನ ಇದ್ದರಲ್ಲ, ನಾಚಿಕೆ.

ಕಸ್ತೂರಿ ಗಂಡನನ್ನು ಬಿಟ್ಟು ಜಗಳೂರಿಂದ ಬಂದವಳು. ಹಿಂದಿನ ವರ್ಷ ಒಂದು ರಾತ್ರಿ ಬಾಗಿಲು ಬಡಿದು, 'ಅಣ್ಣಾ... ಅಣ್ಣಾ...' ಅಂತ ಕೇರಿಗೇ ಕೇಳುವಂತೆ ಕೂಗಿದ್ದಳು. ಮರ್ಯಾದೆ ಹೋಗುತ್ತೆ ಅಂತ ಇವನು ಒಳಗೆ ಉಸಿರು ಬಿಗಿಹಿಡಿದು ಮಲಗಿದ್ದ. ಬೆಳಿಗ್ಗೆ ಅವಳ ಹೆಣ ಹೊಳೆಯಲ್ಲಿ ಸಿಕ್ಕಿತು.

ಆಲದ ಮರ ದಾಟುವಾಗ ಹಿಂದೆ ಸದ್ದು. ಚಪ್... ಚಪ್... ಒದ್ದೆ ಸೀರೆ ಕಾಲಿಗೆ ಬಡಿಯೋ ಸದ್ದು. ನಿಂತ. ಅದೂ ನಿಂತಿತು.

'ಅಣ್ಣಾ...' ಪಿಸುದನಿ. 'ಜನ ಅದಾರೆ ಅಂತ ಕೂಗಲಿಲ್ಲೇನು?'

ಯಾರಾದರೂ ನೋಡ್ತಿದ್ದಾರಾ ಅಂತ ಇವನು ಸುತ್ತ ಕಣ್ಣಾಡಿಸಿದ.

'ಈಗ ಯಾರೂ ಇಲ್ಲ. ಒಂದ್ಸಲ ಕರಿ. ಹೋಗ್ತೀನಿ.'

ಬಾಯಿ ತೆರೆದ. ಹೆಸರು ಗಂಟಲಿಗೆ ಬಂತು... ಅಷ್ಟರಲ್ಲಿ ಆಚೆ ಬೀದಿಯಲ್ಲಿ ಯಾರೋ ಕೆಮ್ಮಿದರು. ಬಾಯಿ ಮುಚ್ಚಿಬಿಟ್ಟ!

ಮನೆಗೆ ಓಡಿ ಬಂದು ಅಗಳಿ ಹಾಕಿದ. ಆಗ ಹೊರಗೆ ಶುರುವಾಯಿತು ನೋಡ್ರಿ.

'ಕಸ್ತೂರೀ... ಏ ಕಸ್ತೂರೀ...'

ಹೆಣ್ಣಿನ ದನಿಯಲ್ಲ. ಮುರುಗೇಶಪ್ಪನದೇ ದನಿ. ಕೇರಿಯ ಬಾಗಿಲೆಲ್ಲ ತೆರೆದವು. ನಾನೂ ಹೊರಗೆ ಬಂದೆ. ಜಗಲಿ ಮೇಲೆ ಯಾರೂ ಇಲ್ಲ. ಕಿಟಕಿಯ ಹಿಂದೆ, ಒಳಗಿನ ಹಣತೆ ಬೆಳಕಲ್ಲಿ, ಮುರುಗೇಶಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ.

'ನೀವು ಇಲ್ಲೇ ಅದೀರಲ್ರೀ...' ಅವನ ಹೆಂಡತಿ ಅವನ ತೋಳು ಹಿಡಿದಳು. 'ಹೊರಗೆ ಕೂಗೋರು ಯಾರ್ರೀ?'

ಕೂಗುತ್ತ ಕೂಗುತ್ತ ಆ ದನಿ ಹೊಳೆಯ ಕಡೆ ಹೋಯಿತು. ಅವನ ಬಾಯಿಗೆ ಆ ದನಿ ಮತ್ತೆ ಬರಲಿಲ್ಲ, ಬರೀ ಪಿಸುಮಾತು ಉಳಿಯಿತು.

ಮರದ ಹತ್ತಿರ ಆಗಿದ್ದನ್ನು ಅವನೇ ನನಗೆ ಹೇಳಿದ್ದು, ತಲೆ ತಗ್ಗಿಸಿಕೊಂಡು, ಪಿಸುಮಾತಲ್ಲಿ. 'ದೆವ್ವಕ್ಕೆ ಹೆದರಿದ್ರೆ ಬೇರೆ ಮಾತು. ನಾನು ಕೆಮ್ಮಿಗೆ ಹೆದರಿದೆ' ಅಂದ.

ಸುಳ್ಳು ಅನ್ನೋರು ಹೊನ್ನಾಳಿಗೆ ಹೋಗಿ ಯಾರನ್ನು ಬೇಕಾದ್ರೂ ಕೇಳ್ರಿ. ಸಾಯೋವರೆಗೂ ಅವನು ಮಕ್ಕಳನ್ನು ಕರೆಯಾಕೆ ಚಪ್ಪಾಳೆ ತಟ್ಟುತ್ತಿದ್ದ.