ಫೋನು ಇಟ್ಟವರು

ಜುಲೈ ತಿಂಗಳಾದರೂ ಸ್ಯಾನ್ ಫ್ರಾನ್ಸಿಸ್ಕೋದ ಮೇಲೆ ಮಂಜು ಕವಿದಿತ್ತು. ಆಸ್ಪತ್ರೆಯ ಮುಂದೆ ಒಗೆದ ಬಟ್ಟೆಯ ಗಂಟುಗಳನ್ನು ಲಾರಿಯಿಂದ ಇಳಿಸುತ್ತಿದ್ದರು. ಮೊಣಕಾಲು ತೋರಿಸಿಕೊಂಡು ಬಂದ ನಾಗವ್ವ ಬಸ್ ಸ್ಟಾಪಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಇಬ್ಬರು ಡಾಕ್ಟರುಗಳು, ಒಬ್ಬ ಗಂಡಸು, ಒಬ್ಬಳು ಹುಡುಗಿ, ಕನ್ನಡದಲ್ಲೇ ಜಗಳಕ್ಕೆ ನಿಂತದ್ದು ಕೇಳಿ ಅವಳಿಗೆ ಕಾಲುನೋವು ಮರೆತೇಹೋಯಿತು.

"ಆಪರೇಷನ್ ಆದ ಮರುದಿನವೇ ಮನೆಗೆ ಕಳಿಸಿದರೂ ಪೇಷಂಟುಗಳು ಚೆನ್ನಾಗಿದ್ದಾರೆ ಅಂತ ಸಂಶೋಧನಾ ಪೇಪರು ಬರೆದಿದ್ದೀರಲ್ಲ ಕಿರಣ್ ಸರ್, ಅದರಲ್ಲಿ ನನ್ನ ಹೆಸರು ಬೇಡ."

"ಯಾಕೆ ತಾಯಿ? ಎಲ್ಲರಿಗೂ ಫೋನು ಮಾಡಿ ಕೇಳೇ ಬರೆದಿದ್ದು."

"ಇಂಗ್ಲಿಷಲ್ಲಿ ಕೇಳಿದ್ರಿ. ಅರ್ಥವಾಗದವರು ಫೋನು ಇಟ್ಟರು. ಅವರನ್ನ ಲೆಕ್ಕದಿಂದಲೇ ಬಿಟ್ರಿ."

"ಸಿಗದವರನ್ನ ಎಲ್ಲರೂ ಬಿಡ್ತಾರೆ, ಹಫ್ಸಾ."

"ನಾನು ಅಂಥ ಎರಡು ಮನೆಗೆ ಫೋನು ಮಾಡಿ ಉರ್ದುವಿನಲ್ಲಿ ಕೇಳಿದೆ, ಮನೆಯವರು ಮಾತಾಡಿದರು. ಒಬ್ಬರು ಹೊಲಿಗೆಯಲ್ಲಿ ಕೀವಾಗಿ ಬೇರೆ ಆಸ್ಪತ್ರೆ ಸೇರಿದ್ದಾರೆ. ಇನ್ನೊಬ್ಬರು ತೀರಿಕೊಂಡಿದ್ದಾರೆ."

ಕಿರಣ ಬಸ್ಸು ಬರುವ ದಿಕ್ಕಿಗೆ ಮುಖ ತಿರುಗಿಸಿದ.

"ಹೆಸರು ತೆಗೆಸಿದರೆ ನಮ್ಮ ಪ್ರೊಫೆಸರು ನಿನ್ನನ್ನ ಟೀಮಿಂದ ತೆಗೆದುಹಾಕ್ತಾರೆ."

"ತೆಗೀಲಿ. ಇದನ್ನ ಓದಿ ಬೇರೆ ಆಸ್ಪತ್ರೆಯವರೂ ಮರುದಿನವೇ ಕಳಿಸೋಕೆ ಶುರುಮಾಡ್ತಾರಲ್ಲ, ಆಗ ಸತ್ತವರಿಗೆ ಯಾರು ಹೊಣೆ?"

ಬಸ್ಸು ಬಂದು ನಿಂತಿತು.

"ಹತ್ತು ಮಾರಾಯ್ತಿ, ದಾರೀಲಿ ಮಾತಾಡೋಣ."

"ಇಲ್ಲ, ಅವರವರ ಭಾಷೆ ಬಲ್ಲ ಇಂಟರ್‌ಪ್ರಿಟರುಗಳನ್ನ ಕೂರಿಸಿಕೊಂಡು ಉಳಿದವರಿಗೂ ಫೋನು ಮಾಡ್ತೀನಿ. ನೀವು ಹೋಗಿ, ಸ್ಟೂಡೆಂಟುಗಳಿಗೆ ಎಥಿಕ್ಸು, ನೀತಿ ಅಂತ ಪಾಠ ಮಾಡೋಕೆ ಹೊತ್ತಾಯ್ತು. ಇದನ್ನೂ ಹೇಳಿಕೊಡ್ತೀರೇನು?"

ಹುಡುಗಿ ಉತ್ತರಕ್ಕೆ ಕಾಯದೆ ಆಸ್ಪತ್ರೆಯ ಕಡೆ ತಿರುಗಿ ಹೊರಟೇಬಿಟ್ಟಳು. ಅವನು ಒಂದು ಕಾಲು ಬಸ್ಸಿನೊಳಗಿಟ್ಟು ಅವಳು ಹೋದ ದಿಕ್ಕನ್ನೇ ನೋಡುತ್ತ ನಿಂತ. ಹತ್ತುತ್ತೀಯೋ ಇಲ್ಲವೋ ಎಂದು ಡ್ರೈವರು ಕೇಳಿದ. ಕಿರಣ ಹತ್ತಿದ, ಬಾಗಿಲು ಮುಚ್ಚಿತು.